ಪಟಾಲಮ್ಮ ಹಾಲು ಕರೆಯಲು ಕೂತದ್ದು

ಕೊಡಿಗೇಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಕಟ್ಟಡದ ಒಡತಿ ಪಟಾಲಮ್ಮ. ಒಡತಿ ಎಂದರೆ ಆಕೆಗೇ ನಗು ಬರುತ್ತದೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮಗ ಅನಂತರಾಜು ಮೂರು ಅಂತಸ್ತು ಎಬ್ಬಿಸಿದ ಮೇಲೆ ಆಕೆಯದು ಅಂತ ಉಳಿದದ್ದು ಹಿತ್ತಲಿನ ತಗಡಿನ ಕೊಟ್ಟಿಗೆ, ಅದರೊಳಗಿನ ಕೆಂದಿ ಎಂಬ ಹಸು. ಬೆಳಗ್ಗೆ ಸಂಜೆ ಕುಕ್ಕರಗಾಲಿನಲ್ಲಿ ಕೂತು, ಮಂಡಿಗಳ ನಡುವೆ ಚೊಂಬು ಇಟ್ಟುಕೊಂಡು ಹಾಲು ಕರೆಯುವುದು ಆಕೆಯ ಕೆಲಸ. ಆ ಹಾಲನ್ನು ಬಾಡಿಗೆದಾರರು ಕೊಳ್ಳಲೇಬೇಕು. ಕರಾರಿನಲ್ಲಿ ಬರೆದಿಲ್ಲ ಅಷ್ಟೇ.

ಆಕೆಯ ಕಾಲು ಮುರಿದದ್ದೂ ಆ ಹಿತ್ತಲಿನಲ್ಲೇ. ಮಗ ಶೋಕಿಗೆಂದು ಕೊಟ್ಟಿಗೆಯ ಬಾಗಿಲವರೆಗೂ ನುಣ್ಣನೆಯ ಗ್ರಾನೈಟ್ ಹಾಕಿಸಿದ್ದ. ಸಗಣಿ ತೊಳೆದ ನೀರು ಅದರ ಮೇಲೆ ಹರಿದಿತ್ತು. ಹಸುವಿರುವ ಜಾಗಕ್ಕೆ ಚಪ್ಪಲಿ ಮೆಟ್ಟಿ ಹೋಗಬಾರದು ಎಂದು ಬರಿಗಾಲಲ್ಲಿ ಹೊರಟ ಪಟಾಲಮ್ಮ ಜಾರಿ ಬಿದ್ದರು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದು, ಪಾದದ ಕೀಲು ತಿರುಚಿಹೋಗಿತ್ತು. ಆಸ್ಪತ್ರೆಯಲ್ಲಿ ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ಪಾದ ಮೊದಲಿನಂತೆ ಮಡಚಬಹುದು, ಮಡಚದೆಯೂ ಇರಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಇತ್ತ ಕೆಂದಿ ಯಾರಿಗೂ ಹಾಲು ಕೊಡಲಿಲ್ಲ. ಅನಂತರಾಜು ಹೋಗಿ ಒದೆಸಿಕೊಂಡು ಬಂದ. ಯಲಹಂಕದ ಆಚೆ ದೊಡ್ಡ ಕೊಟ್ಟಿಗೆ ಇಟ್ಟಿರುವ ಪಟಾಲಮ್ಮನ ನೆಂಟ ಮುನಿಶಾಮಪ್ಪನೂ ಬಂದು ನೋಡಿದ. ಕೆಚ್ಚಲು ತುಂಬಿದ್ದರೂ ಹಸು ಸೊರೆ ಬಿಡಲಿಲ್ಲ. ಬಾಯಿ ಸುಮ್ಮನಿರದೆ ನಾನು ಅಂದೆ, "ನಮ್ಮ ಕಡಿ ಹಿಂಗಾದ್ರ ಆಕಿ ಸೀರೀನ ಉಟ್ಕೊಂಡು ಹಿಂಡ್ತಾರ್ರೀ."

ಹೇಳಿದವಳ ಕೊರಳಿಗೇ ಬಿತ್ತು. ನಾನು ಕಲಬುರಗಿ ಕಡೆಯ ಒಕ್ಕಲು ಮನೆಯವಳು, ಹೆಸರು ದಾಕ್ಷಾಯಣಿ, ಈಗ ಯಲಹಂಕದ ಕಾಲೇಜೊಂದರಲ್ಲಿ ಗುಮಾಸ್ತೆ. ಅಂದಿನಿಂದ ದಿನಾ ಎರಡು ಹೊತ್ತು ಪಟಾಲಮ್ಮನ ಒಗೆಯದ ಹಳೇ ಸೀರೆಯನ್ನು ನನ್ನ ನೈಟಿಯ ಮೇಲೆ ಸುತ್ತಿಕೊಂಡು ಹಾಲು ಕರೆಯತೊಡಗಿದೆ. ಕೆಂದಿ ಸೀರೆಯನ್ನು ಮೂಸಿತು, ನನ್ನ ಮುಖ ನೋಡಿತು, ಯೋಚಿಸಿತು. ಆಮೇಲೆ ಅರ್ಧ ಹಾಲು ಕೊಟ್ಟಿತು. ಮೋಸ ಅದಕ್ಕೆ ತಿಳಿದಿತ್ತು, ಆದರೆ ಅದೂ ಸಂಸಾರಸ್ಥೆ. ಕುರ್ಚಿಯಲ್ಲಿ ಕಾಲು ನೀಡಿ ಕೂತ ಪಟಾಲಮ್ಮ, "ಮೊಲೆ ಇಂಗೆ ಎಳೀಬ್ಯಾಡ ಕಣವ್ವ, ಅದೇನು ಹಗ್ಗವಾ?" ಎಂದು ಅಲ್ಲಿಂದಲೇ ರೇಗುತ್ತಿದ್ದರು.

ಅನಂತರಾಜುವಿಗೆ ಆ ಕೊಟ್ಟಿಗೆ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವ ಆಸೆ ಹಳೆಯದು. ಒಂದು ದಿನ ತಾಯಿಯ ಎದುರು ಕೂತು, "ಬೇರೆಯವರ ಹತ್ರ ಎಷ್ಟು ದಿನ ಅಂತ ಮಾಡಿಸ್ತೀಯಮ್ಮ? ಶಿವರಾತ್ರಿ ಕಳೀಲಿ. ಅಷ್ಟರಲ್ಲಿ ನೀನೇ ಕೂತು ಕರೆದ್ರೆ ಹಸು ಇರ್ಲಿ. ಆಗಲ್ಲ ಅಂದ್ರೆ ಮುನಿಶಾಮಪ್ಪಂಗೆ ಕೊಟ್ಬಿಡೋಣ" ಅಂದ. ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ನನ್ನ ಗಂಡ ಶರಣು ಮಾತ್ರ ಒಳಗೊಳಗೇ ಹಿಗ್ಗಿದ. ಬೀದಿಯಲ್ಲಿ ನಿಲ್ಲಿಸಿದ ನಮ್ಮ ಕಾರಿಗೆ ಯಾರೋ ಗೀಚಿ ಹೋಗಿದ್ದರು.

ಪಟಾಲಮ್ಮ ಹಟಕ್ಕೆ ಬಿದ್ದರು. ವ್ಯಾಯಾಮ ಮಾಡಿಸಲು ಮನೆಗೇ ಬರುತ್ತಿದ್ದ ಫಿಸಿಯೋ ಹುಡುಗಿ ಫರ್ಹೀನ್, ನಿಮಗೆ ಮುಖ್ಯವಾಗಿ ಏನು ಮಾಡೋಕಾಗ್ಬೇಕು ಆಂಟಿ ಎಂದು ಕೇಳಿದಳು.

"ಕುಕ್ಕರಗಾಲಲ್ಲಿ ಕುಂತ್ಕಬೇಕು."

"ಅದ್ಯಾಕೆ? ವೆಸ್ಟರ್ನ್ ಟಾಯ್ಲೆಟ್ ಇದ್ಯಲ್ಲ ಆಂಟಿ."

"ಅದುಕ್ಕಲ್ಲ ಕಣಮ್ಮ. ಅಸ ಕರೆಯಕ್ಕೆ."

ಸ್ಟೂಲಿನ ಮೇಲೆ ಕೂತು ಕರೆಯಬಹುದಲ್ಲ ಎಂದಳು ಫರ್ಹೀನ್. "ಅಸ ಕಾಲು ಎತ್ತಿದ್ರೆ ಇಂದಕ್ಕೆ ಸರಿಯೋದೆಂಗೆ, ಸ್ಟೂಲ್ ಸಮೇತ ಬೀಳ್ಲಾ?" ಎಂದು ಪಟಾಲಮ್ಮ ಕೇಳಿದ ಮೇಲೆ ಆ ಹುಡುಗಿ ಹಿಮ್ಮಡಿಯ ಕೆಳಗೆ ಹಲಗೆಯ ತುಂಡು ಇಟ್ಟು, ಕಿಟಕಿಯ ಸರಳು ಹಿಡಿಸಿ, ಸ್ವಲ್ಪ ಸ್ವಲ್ಪವೇ ಬಗ್ಗಿಸತೊಡಗಿದಳು.

ವಾಸಿಯಾಗುವುದು ಎಂದರೆ ಏನೋ ಹಿಗ್ಗಿನ ವಿಷಯ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಅದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಬೆಳಗ್ಗೆ ಸಡಿಲವಾದ ಪಾದ ಸಂಜೆಗೆ ಮತ್ತೆ ಊದಿ ಹಲಸಿನ ತೊಳೆಯಂತಾಗುತ್ತಿತ್ತು. ಚಳಿ ಬಿದ್ದರೆ ಒಳಗಿನ ಸ್ಕ್ರೂ ಕೊರೆಯುತ್ತದೆ ಅನ್ನುತ್ತಿದ್ದರು. ನೋಡಲು ಬಂದವರೆಲ್ಲ ತಮಗೆ ಗೊತ್ತಿದ್ದ ಕಾಲು ಮುರಿದವರ ಕಥೆ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಎಷ್ಟೋ ದಿನ ಪಟಾಲಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿ, "ಸಾಕಾಯ್ತು ಕಣೆ, ದಾಕ್ಷಾಯಣಿ. ಈ ಕಾಲು ನಂದಲ್ಲ" ಅನ್ನುತ್ತಿದ್ದರು. ನಾನು ತಲೆದಿಂಬು ಸರಿಮಾಡುತ್ತಿದ್ದೆ. ಮರುದಿನ ಬೈದುಕೊಳ್ಳುತ್ತಲೇ ಎದ್ದು ಕಿಟಕಿಯ ಸರಳು ಹಿಡಿಯುತ್ತಿದ್ದರು.

ಶಿವರಾತ್ರಿ ಕಳೆಯಿತು. ಒಂದು ಬೆಳಗ್ಗೆ ಮುನಿಶಾಮಪ್ಪನ ಟೆಂಪೋ ಗೇಟಿನ ಮುಂದೆ ಬಂದು ನಿಂತಿತು. ನಾನು ಸೀರೆ ಸುತ್ತಿಕೊಳ್ಳಲು ಹೋದರೆ ಪಟಾಲಮ್ಮ ತಡೆದರು. ಕೋಲು ಊರಿಕೊಂಡು ಕೊಟ್ಟಿಗೆಗೆ ನಡೆದರು. ಕೋಲನ್ನು ನನ್ನ ಕೈಗೆ ಕೊಟ್ಟು, ಕೆಂದಿಯ ಬೆನ್ನು ಹಿಡಿದು ಇಳಿಯತೊಡಗಿದರು. ಮಂಡಿ ಬಗ್ಗಿತು. ಮುರಿದ ಕಾಲಿನ ಹಿಮ್ಮಡಿ ನೆಲ ಮುಟ್ಟಲಿಲ್ಲ, ಬೆರಳ ಮೇಲೆ ಭಾರ ಬಿಟ್ಟರು. ತುಟಿ ಕಚ್ಚಿಕೊಂಡಿದ್ದರು, ಹಣೆಯಿಂದ ಬೆವರು ಇಳಿಯುತ್ತಿತ್ತು. ಕೊನೆಗೂ ಕೂತರು. ಕೆಚ್ಚಲಿಗೆ ನೀರು ಚಿಮುಕಿಸುವ ಮೊದಲೇ ಹಸು ಸೊರೆ ಬಿಟ್ಟಿತು. ಚೊಂಬು ನೊರೆಯೆದ್ದು ತುಂಬಿತು. ಇಷ್ಟು ತಿಂಗಳು ನನಗೆ ಕೊಡದೆ ಉಳಿಸಿಕೊಂಡದ್ದನ್ನು ಈಗ ಕೊಡುತ್ತಿದೆಯೇನೋ ಅನ್ನಿಸಿ ನನಗೆ ಹೊಟ್ಟೆಕಿಚ್ಚಾಯಿತು, ಕಣ್ಣೂ ತುಂಬಿತು.

ಬಾಗಿಲಲ್ಲಿ ನಿಂತಿದ್ದ ಅನಂತರಾಜು ತಲೆ ಕೆರೆದುಕೊಂಡ. "ಆಯ್ತಮ್ಮ, ನೀನೇ ಗೆದ್ದೆ. ಗಾಡಿ ವಾಪಸ್ ಕಳಿಸ್ತೀನಿ."

"ಯಾಕ್ ಕಳುಸ್ತೀಯ? ಅಸೀನ ಗಾಡೀಗ್ ಅತ್ತುಸು."

ಅನಂತರಾಜುವೂ ನಾನೂ ಮುಖ ಮುಖ ನೋಡಿಕೊಂಡೆವು.

"ಈಗೇನೋ ಕುಂತೆ ಕಣಪ್ಪ. ಸಂಜೀಕೆ ಮತ್ತೆ ಕುಂತ್ಕಬೇಕು, ನಾಳೀಕೆ ಮತ್ತೆ. ನನ್ನ ಕೈಲಾಗಕಿಲ್ಲ. ನೋವಿಗಲ್ಲ, ನಂಗೆ ಸುಸ್ತಾಗೈತೆ."

"ಹಂಗಾದ್ರೆ ಇಷ್ಟು ದಿನ ಯಾಕಮ್ಮ ಅಷ್ಟು ಕಷ್ಟ ಬಿದ್ದೆ? ಮೊದ್ಲೇ ಹೇಳ್ಬಾರ್ದಿತ್ತಾ?"

"ಮೊದ್ಲೇ ಏಳಿದ್ರೆ ನೀನು ಕಳಿಸ್ದಂಗಾಗ್ತಿತ್ತು" ಎಂದರು ಪಟಾಲಮ್ಮ. ಚೊಂಬನ್ನು ನನಗೆ ಕೊಟ್ಟು, ಕೂತಲ್ಲೇ ಹಿಂದಕ್ಕೆ ವಾಲಿ ನೆಲಕ್ಕೆ ಕುಸಿದರು. ಕಾಲು ಮುಂದಕ್ಕೆ ಚಾಚಿದರು. ಮುನಿಶಾಮಪ್ಪ ಬಂದು ಹಗ್ಗ ಬಿಚ್ಚಿದ. ಕೆಂದಿ ಆಕೆಯ ಚಾಚಿದ ಕಾಲನ್ನು ತುಳಿಯದಂತೆ ಬಳಸಿಕೊಂಡು ಹೊರಗೆ ಹೋಯಿತು.

ಟೆಂಪೋ ಹೊರಟ ಸದ್ದು ಕೇಳಿದ ಮೇಲೆ ಅನಂತರಾಜು ತಾಯಿಯ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ಬಂದ. ಪಟಾಲಮ್ಮ ಅವನ ಕೈ ಸರಿಸಿದರು.

"ಈಗ್ಲೇ ಎಬ್ಬುಸ್ಬ್ಯಾಡ್ರೋ. ವಸಿ ಒತ್ತು ಇಂಗೇ ಕುಂತಿರ್ತೀನಿ. ಇನ್ನೇನ್ ಕೆಲಸ ಐತೆ ನಂಗೆ?"