ಬಾಯಿಲೆ ಹೇಳ್ರಿ

ಹೋದ ವಾರ ನಮ್ಮ ಕಂಪ್ಯೂಟರ್ ಸಂಘದ ಕಪಾಟು ಒರೆಸುತ್ತಿದ್ದೆ. ಕೆಳಗಿನ ಖಾನೆಯಲ್ಲಿ, ಹಳೇ ವೈರುಗಳ ಗೋಜಲಿನೊಳಗೆ ಒಂದು ಹೆಡ್‌ಫೋನು ಸಿಕ್ಕಿತು. ಕಿವಿಗೆ ಒತ್ತುವ ಸ್ಪಂಜು ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಆದರೂ ಮೂಗಿನ ಹತ್ತಿರ ಹಿಡಿದರೆ ಕೊಬ್ಬರಿ ಎಣ್ಣೆಯ ವಾಸನೆ, ಅದರ ಹಿಂದೆ ಚೂರು ನಶ್ಯದ ಘಾಟು... ಕೈಯಲ್ಲಿನ ಅರಿವೆ ಅಲ್ಲೇ ಬಿಟ್ಟು ಖುರ್ಚಿಯ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಸಿಟ್ಟು ಬಂತು.

ಅದು ಟೆಲಿಫೋನ್ ಕಾಕಾನ ಹೆಡ್‌ಫೋನು. ನಮಗೆ ಸಂಬಂಧಿಕರೇನೂ ಅಲ್ಲ. ಸರಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು, ಹಾಗಾಗಿ ಸಂಘದವರಿಗೆಲ್ಲ ಟೆಲಿಫೋನ್ ಕಾಕಾ. ಹುಟ್ಟಿದಾಗಿನಿಂದ ಕಣ್ಣು ಕಾಣುತ್ತಿರಲಿಲ್ಲ. ಮೆಟ್ಟಿಲ ಮೇಲೆ ಯಾರು ಕೆಮ್ಮಿದರೂ ಹೆಸರು ಹಿಡಿದು ಕರೆಯುತ್ತಿದ್ದರು.

ಸಂಘ ಅಂದರೆ ದೊಡ್ಡದೇನಲ್ಲ. ಗಂಗಾವತಿಯ ಮಾರುಕಟ್ಟೆಯ ಹಿಂದೆ, ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ. ರೈಸ್‌ಮಿಲ್ಲುಗಳ ಗುಮಾಸ್ತರು, ಒಂದಿಬ್ಬರು ಶಾಲಾ ಮಾಸ್ತರರು, ಅಂಗಡಿಕಾರರು ಸೇರಿ ಹಳೇ ಕಂಪ್ಯೂಟರು ಕೂಡಿಹಾಕಿ ಮಾಡಿಕೊಂಡದ್ದು. ಮಿಲ್ಲೊಂದರಲ್ಲಿ ಲೆಕ್ಕ ನೋಡುವ ನಾನೂ ಅದರಲ್ಲಿ ಸೇರಿದ್ದೆ. ನಮ್ಮ ಬಟ್ಟೆಗಂಟಿದ ತವುಡಿನ ಪುಡಿ ಎಲ್ಲಾ ಕೀಬೋರ್ಡಿನ ಸಂದಿಯಲ್ಲೂ ಇರುತ್ತಿತ್ತು.

ಮೂಲೆಯ ಕಂಪ್ಯೂಟರು ಕಾಕಾನದು. ಅದರಲ್ಲಿ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಒಂದು ಪ್ರೋಗ್ರಾಮು ಇತ್ತು. ಅಂಧರಿಗಾಗಿ ದುಡಿಯುವ ಸಂಸ್ಥೆಯೊಂದು ಅವರಿಗೆಂದೇ ಹಾಕಿಕೊಟ್ಟದ್ದು. ದಿನಾ ಮುಂಜಾನೆ ಬಂದು ಹೆಡ್‌ಫೋನು ಏರಿಸಿ ಪತ್ರಿಕೆ ಓದುತ್ತಿದ್ದರು. ಓದುವುದೆಂದರೆ ಎಲ್ಲಾ! ಟೆಂಡರ್ ನೋಟಿಸು, ಹೆಸರು ಬದಲಾಯಿಸಿಕೊಂಡವರ ಜಾಹೀರಾತು, ಎಮ್ಮೆ ಕಳೆದುಹೋದ ಸುದ್ದಿ. "ಕಾಕಾ, ಇದನ್ನೆಲ್ಲಾ ಯಾಕ ಓದ್ತೀರಿ?" ಎಂದು ನಕ್ಕಿದ್ದೆ ಒಮ್ಮೆ.

"ಯವ್ವಾ, ಇಷ್ಟು ವರ್ಷ ಮಂದಿ ಓದಿ ಹೇಳ್ಯಾರ. ತಮಗ ಬೇಕಾದ್ದಷ್ಟ ಓದೂದು, ಉಳಿದದ್ದು ಏನಿಲ್ಲ ಬಿಡ್ರಿ ಅನ್ನೂದು. ಆ 'ಏನಿಲ್ಲ'ದಾಗ ಏನೈತಿ ಅಂತ ನಾ ಈಗ ನೋಡಾಕತ್ತೀನಿ," ಅಂದರು. ಆಮೇಲೆ ನಾನು ನಗಲಿಲ್ಲ.

ಕಾಕಾ ಬಂದ ಮೇಲೆ ಸಂಘದಲ್ಲಿ ಒಂದು ಪದ್ಧತಿ ಬಿದ್ದಿತ್ತು. ಏನೇ ತೀರ್ಮಾನವಿದ್ದರೂ ಕೈ ಎತ್ತುವಂತಿಲ್ಲ. ಒಬ್ಬೊಬ್ಬರೇ ಬಾಯಿಬಿಟ್ಟು "ಹೂಂ" ಅನ್ನಬೇಕು, ಇಲ್ಲಾ "ಒಲ್ಲೆ" ಅನ್ನಬೇಕು. ಯಾರು ಯಾವ ಕಡೆ ಎಂದು ಅವರಿಗೂ ತಿಳಿಯಬೇಕಲ್ಲ. ಕಾಕಾ ಅದರಲ್ಲೂ ಚೇಷ್ಟೆ ಬಿಡುತ್ತಿರಲಿಲ್ಲ. "ಮಾಸ್ತರ, ನಿಮ್ಮ ಹೂಂನಾಗ ಅರ್ಧಾ ಒಲ್ಲೆ ಐತಲ್ರಿ!" ಅನ್ನುತ್ತಿದ್ದರು. ಕೋಣೆಯೆಲ್ಲ ನಗುತ್ತಿತ್ತು. ಮಾಸ್ತರರೂ ನಗುತ್ತಿದ್ದರು.

ಆಮೇಲೆ ಆ ಸಭೆ ಬಂತು. ನಮ್ಮ ಕಂಪ್ಯೂಟರುಗಳಲ್ಲಿದ್ದ ಆಪರೇಟಿಂಗ್ ಸಿಸ್ಟಂ ಹಳೆಯದಾಯಿತು, ವೈರಸ್ಸಿನಿಂದ ಇನ್ನು ಅದಕ್ಕೆ ರಕ್ಷಣೆ ಇಲ್ಲ, ಹೊಸದು ಹಾಕಬೇಕೋ ಬೇಡವೋ ಎಂದು ಮಾತು. ಹೊಸದು ಹಾಕಿದರೆ ಕಾಕಾನ ಓದುವ ಪ್ರೋಗ್ರಾಮು ತೆರೆಯುವುದಿಲ್ಲ ಎಂದು ಆ ಸಂಸ್ಥೆಯವರು ಮೊದಲೇ ಹೇಳಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಲೇ ಇರಲಿಲ್ಲ.

ಅಧ್ಯಕ್ಷರು ಗೊಬ್ಬರದ ಅಂಗಡಿಯವರು, ಅಕ್ಕಿ ವ್ಯಾಪಾರವನ್ನೂ ಮಾಡಿದವರು. ಅವರಿಗೆ ಲೋಕವೆಲ್ಲ ಗೋದಾಮೇ. "ಒಂದು ಚೀಲಕ್ಕ ಹುಳ ಬಿದ್ರ ಗೋದಾಮೆಲ್ಲಾ ಹೋಗತೈತ್ರಿ. ಹಾಕಿದ್ರ ಎಲ್ಲಾದಕ್ಕೂ ಹೊಸಾದು ಹಾಕೂದ," ಅಂದರು. ಮಿಲ್ಲಿನವರೆಲ್ಲ ತಲೆ ಆಡಿಸಿದರು. ವೈರಸ್ಸು ಅಂದರೆ ಏನೆಂದು ಅರ್ಧ ಮಂದಿಗೆ ಗೊತ್ತಿರಲಿಲ್ಲ, ಹುಳ ಎಲ್ಲರಿಗೂ ಗೊತ್ತಿತ್ತು. ಅದರ ಹಿಂದಿನ ತಿಂಗಳು ವೈರಸ್ಸು ತಂದದ್ದು ಅಧ್ಯಕ್ಷರದೇ ಪೆನ್‌ಡ್ರೈವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಕಾಕಾ ಶಾಂತವಾಗಿಯೇ ಕೇಳಿದರು. "ಹುಳ ಬಿದ್ದ ಚೀಲ ನೀವು ಬ್ಯಾರೆ ಇಡ್ತೀರಿಲ್ರಿ? ನನ್ನ ಮಷೀನಿನ ನೆಟ್ ವೈರ್ ಕಿತ್ತುಬಿಡ್ರಿ. ಒಂಟಿ ಇರ್ಲಿ ಅದು. ಪೇಪರ್ ಯಾರರ ಇಳಿಸಿ ಕೊಟ್ರ ನಾ ಓದ್ಕೋತೀನಿ."

"ನಾ ಕೊಡ್ತೀನಿ, ಖಾಲಿ ಪೆನ್‌ಡ್ರೈವ್ ಅದಕ್ಕಂತನ ಇಡ್ತೀನಿ," ಅಂದೆ ನಾನು.

ಇದಕ್ಕೆ ಉತ್ತರವೇ ಇರಲಿಲ್ಲ. ಉತ್ತರ ಇಲ್ಲದವರು ಏನು ಮಾಡುತ್ತಾರೆ? ಅವಸರ ಮಾಡುತ್ತಾರೆ. "ಒಬ್ಬರಿಗೊಂದು ನಮೂನಿ ಮಾಡಾಕ ಆಗಂಗಿಲ್ರಿ. ಹೊತ್ತಾತು, ಎಲ್ಲಾದಕ್ಕೂ ಹೊಸಾದು ಬೇಕು ಅನ್ನೋರು ಕೈ ಎತ್ತಿಬಿಡ್ರಿ," ಅಂದರು ಅಧ್ಯಕ್ಷರು.

ಕೈ! ಕಾಕಾನ ಎದುರಿಗೆ ಕೂತು, ಕೈ!

ಒಬ್ಬೊಬ್ಬರೇ ಎತ್ತಿದರು. ಯಾರೂ ತುಟಿ ಪಿಟಕ್ಕನ್ನಲಿಲ್ಲ. ಕಾಕಾ ಮುಖವನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕಾಯುತ್ತಿದ್ದರು... ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟರಲ್ಲಿ ನನ್ನ ಎದುರು ಕೂತಿದ್ದ ಶಾಲೆಯ ಟೀಚರು ಕೈ ಎತ್ತಿದರು. ಗಾಜಿನ ಬಳೆಗಳು ಮುಂಗೈಯಿಂದ ಕೆಳಗೆ ಜಾರಿದವು.

"ಟೀಚರ್, ನೀವೂ ಎತ್ತಿದ್ರಿ," ಅಂದರು ಕಾಕಾ. "ಬಳಿ ಸಪ್ಪಳಾತು."

ಟೀಚರು ಕೈ ಇಳಿಸಲಿಲ್ಲ. ಇಳಿಸಿದರೆ ಮತ್ತೆ ಸದ್ದಾಗುತ್ತದಲ್ಲ, ಹಾಗೇ ಹಿಡಿದುಕೊಂಡು ಕೂತರು. ಕಾಕಾ ಉಳಿದವರ ಕಡೆ ತಿರುಗಿ, "ಉಳಿದವರು ಬಾಯಿಲೆ ಹೇಳ್ರೆಪಾ. ಒಲ್ಲೆ ಅಂದ್ರೂ ಅಡ್ಡಿಯಿಲ್ಲ, ಕೇಳಿಸ್ಲಿ," ಅಂದರು. ಯಾರೂ ಹೇಳಲಿಲ್ಲ.

ನನಗೆ ಮೈ ಉರಿದುಹೋಯಿತು. "ಬಾಯಿಗೆ ಬೀಗ ಬಿದ್ದೈತೇನ್ರಿ ಎಲ್ಲಾರಿಗೂ? ಎದುರಿಗೆ ಕುಂತ ಮನಷಾಗ ಒಂದು ಮಾತು ಹೇಳಾಕ ನಾಚ್ಕಿ, ಅವನ ಮಷೀನು ಕಸ್ಕೊಳ್ಳಾಕ ನಾಚ್ಕಿ ಇಲ್ಲ!" ಎಂದು ಕೂಗಿದೆ. ಎತ್ತಿದವರ ಹೆಸರನ್ನೆಲ್ಲ ಒಂದೊಂದಾಗಿ ಕಾಕಾನಿಗೆ ಕೇಳಿಸುವಂತೆ ಹೇಳಿದೆ. ಅಧ್ಯಕ್ಷರು, "ಬಹುಮತ ಆತ್ರಿ, ಮುಗೀತು," ಎಂದು ಮಿರ್ಚಿ ಮಂಡಕ್ಕಿ ತರಿಸಿದರು. ತಿಂದರು ಎಲ್ಲರೂ.

ಕಾಕಾನಿಗೆ ಬೇರೆ ಪ್ರೋಗ್ರಾಮು ಬೇಗನೆ ಹಾಕಿಸುತ್ತೇವೆ ಎಂದು ಮಾತು ಕೊಟ್ಟರು. ಮಳೆಗಾಲ ಹೋಯಿತು, ಭತ್ತ ಕೊಯ್ಲಿಗೆ ಬಂತು, ಕೊಟ್ಟ ಮಾತು ಮಾತ್ರ ಬರಲಿಲ್ಲ. ಅಲ್ಲಿಯವರೆಗೂ ಕಾಕಾ ದಿನಾ ಬಂದು ತಮ್ಮ ಮೂಲೆಯಲ್ಲಿ ಕೂತು, ಸದ್ದಿಲ್ಲದ ಹೆಡ್‌ಫೋನು ಕಿವಿಗೆ ಹಾಕಿಕೊಳ್ಳುತ್ತಿದ್ದರು. ಯಾರಾದರೂ ಪೇಪರ್ ಓದಿ ಹೇಳಿ, "ಉಳಿದದ್ದು ಏನಿಲ್ಲ ಬಿಡ್ರಿ," ಅನ್ನುತ್ತಿದ್ದರು. ನಾನು ಬಿಡುವಾದಾಗ ಎಲ್ಲವನ್ನೂ ಓದುತ್ತಿದ್ದೆ, ಟೆಂಡರ್ ನೋಟಿಸು ಸಹಿತ. ಆದರೆ ಮಿಲ್ಲಿನ ಕೆಲಸದವಳಿಗೆ ಬಿಡುವು ಎಷ್ಟು ಸಿಕ್ಕೀತು?

ಕಡೆಗೆ ನಾನೇ ಆ ಸಂಸ್ಥೆಗೆ ಫೋನು ಹಚ್ಚಿ, ಬೆನ್ನು ಹತ್ತಿ, ಹೊಸದಕ್ಕೆ ಹೊಂದುವ ಪ್ರೋಗ್ರಾಮು ತರಿಸಿದೆ. ಅಷ್ಟೊತ್ತಿಗೆ ಕಾಕಾನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮಷೀನನ್ನು ಅವರ ಮನೆಗೆ ಒಯ್ಯುತ್ತೇನೆಂದರೆ ಸಂಘದ ಆಸ್ತಿ ಹೊರಗೆ ಹೋಗುವಂತಿಲ್ಲವಂತೆ. ಊರು ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಓಡಾಟ. ಆ ಬೇಸಿಗೆಯಲ್ಲೇ ಕಾಕಾ ಹೋದರು... ಶೋಕಸಭೆಯಲ್ಲಿ ಅಧ್ಯಕ್ಷರು ಬಹಳ ಚೆನ್ನಾಗಿ ಮಾತಾಡಿದರು.

ನಾನು ಹೋದ ವಾರ ಕಪಾಟು ಒರೆಸಿದ್ದಾದರೂ ಯಾಕೆ? ಮತ್ತೆ ಸಭೆ ಇತ್ತು. ಅಂದು ಹೊಸದು ಎಂದು ಹಾಕಿದ್ದ ಸಿಸ್ಟಂ ಈಗ ಹಳೆಯದಾಯಿತಂತೆ, ಮತ್ತೆ ಬದಲಾಯಿಸಬೇಕೋ ಬೇಡವೋ ಎಂದು ಅದೇ ಮಾತು. ಅದೇ ಅಧ್ಯಕ್ಷರು. ಆದರೆ ಈ ಸಲ ಅವರ ಗಂಟಲಿಗೆ ಮುಳ್ಳು ಸಿಕ್ಕಿದೆ. ಅವರ ಗೊಬ್ಬರದಂಗಡಿಯ ಹಳೇ ಬಿಲ್ಲಿನ ಪ್ರೋಗ್ರಾಮು ಇರುವುದು ಸಂಘದ ಒಂದು ಕಂಪ್ಯೂಟರಿನಲ್ಲಿ. ಹೊಸದು ಹಾಕಿದರೆ ಅದು ತೆರೆಯುವುದಿಲ್ಲ.

"ಎಲ್ಲಾದಕ್ಕೂ ಹೊಸಾದು ಹಾಕೂಣ್ರಿ. ಅದೊಂದು ಮಷೀನು ಹಂಗ ಇರ್ಲಿ," ಅಂದರು. "ನೆಟ್ ವೈರ್ ಕಿತ್ತುಬಿಟ್ರ ಆತು. ಒಂಟಿ ಇರ್ಲಿ ಅದು."

ಕೋಣೆಯಲ್ಲಿ ಒಬ್ಬರಿಗೂ ಏನೂ ಅನ್ನಿಸಲಿಲ್ಲ. ಛಲೋ ಐಡಿಯಾ ಅಂದರು. ನಾನು ಹೆಡ್‌ಫೋನು ತಂದು ಮೇಜಿನ ನಡುವೆ ಇಟ್ಟೆ. ಟೀಚರು ಅದನ್ನು ನೋಡಿ ತಲೆ ತಗ್ಗಿಸಿದರು. ಅಧ್ಯಕ್ಷರು ನೋಡಿಯೂ ನೋಡದವರ ಹಾಗೆ ಕೈ ಎತ್ತಿದರು.

"ಬಾಯಿಲೆ ಹೇಳ್ರಿ," ಅಂದೆ.

"ಈಗ್ಯಾಕವಾ ಅದು..."

"ಬಾಯಿಲೆ ಹೇಳ್ರಿ."

ಅಧ್ಯಕ್ಷರು "ಹೂಂ" ಅಂದರು. ಅವರಾದ ಮೇಲೆ ಒಬ್ಬೊಬ್ಬರೇ ಹೂಂ ಅಂದರು. ಕಡೆಗೆ ನನ್ನ ಸರದಿ ಬಂತು. ಯಾರಿಗೇ ಆಗಲಿ, ಬೇಕಾದ ಮಷೀನು ಇರಬೇಕು. ನಾನೂ ಹೂಂ ಅಂದೆ, ಸಿಟ್ಟು ನುಂಗಿಕೊಂಡೇ ಅಂದೆ. ಅದರಲ್ಲಿ ಅರ್ಧ ಒಲ್ಲೆ ಇತ್ತು. ಅದನ್ನು ಕೇಳಿಸಿಕೊಳ್ಳುವ ಕಿವಿ ಆ ಕೋಣೆಯಲ್ಲಿ ಇರಲಿಲ್ಲ.