ಮಾರ್ತಮ್ಮನ ದಿನಕ್ಕೆ ಮೂರು ಕುರ್ಚಿ

ಖಾನಾಪುರದ ಕ್ರೈಸ್ತ ಸಿಸ್ಟರುಗಳ ಹಾಸ್ಟೆಲಿನಲ್ಲಿ ಅಡುಗೆಯ ರೇಣವ್ವ ವರ್ಷಕ್ಕೆ ಒಂದು ದಿನ ಮಾತ್ರ ಒಲೆ ಮುಟ್ಟುವಂತಿರಲಿಲ್ಲ. ಅದು ಜುಲೈ ಇಪ್ಪತ್ತೊಂಬತ್ತು, ಅಡುಗೆಯವರನ್ನು ಕಾಯುವ ಸಂತ ಮಾರ್ತಳ ಹಬ್ಬ. ಅಂದು ಸಿಸ್ಟರುಗಳೇ ತೋಳು ಏರಿಸಿಕೊಂಡು ಅಡುಗೆಗೆ ನಿಲ್ಲುತ್ತಿದ್ದರು. ರೇಣವ್ವ ಹೊಸ ಸೀರೆ ಉಟ್ಟು ಊಟದ ಕೋಣೆಯಲ್ಲಿ ಕೈಕುರ್ಚಿಯ ಮೇಲೆ ಕುಳಿತು ತನ್ನನ್ನು ಮಾವಶಿ ಎಂದು ಕರೆಯುವ ಅರವತ್ತು ಹುಡುಗಿಯರಿಗೆ ಮಾರ್ತಳ ಕಥೆ ಹೇಳಬೇಕು, ಆಮೇಲೆ ಸಿಸ್ಟರುಗಳು ಬಡಿಸಿದ್ದನ್ನು ಉಣ್ಣಬೇಕು. ಸಾರಿನಲ್ಲಿ ಉಪ್ಪು ಜಾಸ್ತಿ, ಚಪಾತಿ ಒಂದೊಂದೂ ಒಂದೊಂದು ತಾಲೂಕಿನ ನಕಾಶೆ. ರೇಣವ್ವ ಒಂದು ಚೂರೂ ಬಿಡದೆ ಉಣ್ಣುತ್ತಿದ್ದಳು. ಇನ್ನೊಬ್ಬರು ಮಾಡಿ ಬಡಿಸಿದ್ದಕ್ಕೆ ಅಂಥ ರುಚಿ ಇರುತ್ತದೆಂದು ಅವಳಿಗೆ ಗೊತ್ತಾದದ್ದೇ ಆ ಕುರ್ಚಿಯಲ್ಲಿ.

ಈ ಪದ್ಧತಿ ಹಾಕಿದವರು ಗೋವಾದಿಂದ ಬಂದ ಸಿಸ್ಟರ್ ಎಸ್ಪೆರಾನ್ಸಾ. ಗಂಡ ಸತ್ತ ವರ್ಷವೇ, ಇಪ್ಪತ್ತೇಳರ ರೇಣವ್ವ ಒಂದು ಟ್ರಂಕು ಹಿಡಿದು ಹಾಸ್ಟೆಲಿನ ಬಾಗಿಲಿಗೆ ಬಂದಾಗ, ಅವಳಿಗೆ ಏನು ಬರುತ್ತದೆ ಎಂದು ಅವರು ಕೇಳಿದ್ದರು. "ರೊಟ್ಟಿ ಬಡಿಯಾಕ ಬರ್ತೈತ್ರಿ" ಎಂದಿದ್ದಳು. ಮರುದಿನ ಅವರು ಅಡುಗೆಮನೆಯ ಗೋಡೆಗೆ ಒಂದು ಪಟ ತೂಗುಹಾಕಿದರು. ಪಟದ ಹೆಂಗಸಿನ ಕೈಯಲ್ಲಿ ಸೌಟು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಕಾಲಬಳಿ ಬಾಲ ಸುರುಳಿ ಸುತ್ತಿದ ಒಂದು ಮೃಗ. ಮಾರ್ತಳು ಒಂದು ಊರನ್ನು ಕಾಡುತ್ತಿದ್ದ ಘೋರ ಮೃಗವನ್ನು ಪಳಗಿಸಿ ತನ್ನ ನಡುಪಟ್ಟಿಯಿಂದ ಕಟ್ಟಿ ಎಳೆದುತಂದಳು ಎಂದು ಸಿಸ್ಟರ್ ವಿವರಿಸಿದ್ದರು. ರೇಣವ್ವ ಹತ್ತಿರ ಹೋಗಿ ನೋಡಿ, "ಇದು ಉಡ ಐತಲ್ರಿ, ನಮ್ಮ ಹೊಲದಾಗ ಬರ್ತೈತಿ" ಎಂದಿದ್ದಳು. ಅಂದಿನಿಂದ ಪಟದ ಮಾರ್ತಳಿಗೂ ಅವಳಿಗೂ ಸ್ನೇಹ. ಶುಕ್ರವಾರಕ್ಕೊಮ್ಮೆ ಪಟಕ್ಕೆ ಒಂದು ದಾಸವಾಳ ಸಿಗಿಸಿ "ಮಾರ್ತಮ್ಮಾ, ಇವತ್ತು ಬ್ಯಾಳಿ ಲಗೂನ ಕುದಿಸವ್ವಾ" ಎಂದು ಕೇಳಿಕೊಂಡೇ ಒಲೆ ಹೊತ್ತಿಸುವಳು. ಸಿಸ್ಟರುಗಳು ಬೇಡ ಅನ್ನಲಿಲ್ಲ.

ಹೀಗೆ ಇಪ್ಪತ್ತೊಂಬತ್ತು ವರ್ಷ ನಡೆಯಿತು. ಈ ವರ್ಷ ಬೇಸಿಗೆಗೆ ಎಸ್ಪೆರಾನ್ಸಾ ಸಿಸ್ಟರ್ ನಿವೃತ್ತರಾಗಿ ಗೋವಾಕ್ಕೆ ಹೋದರು. ಅವರ ಜಾಗಕ್ಕೆ ಬೆಳಗಾವಿ ಕಡೆಯವರೇ ಆದ ಸಿಸ್ಟರ್ ಪ್ರಮಿಳಾ ಬಂದರು. ಜುಲೈ ಮೊದಲ ವಾರ ಅವರು ಕ್ಯಾಲೆಂಡರು ಹಿಡಿದು ಅಡುಗೆಮನೆಗೆ ಬಂದರು.

"ರೇಣವ್ವಾ, ಇಪ್ಪತ್ತೊಂಬತ್ತಕ್ಕ ಮೂರು ಖುರ್ಚಿ ಹಾಕೂಣು."

"ಯಾರ್‍ಯಾರಿಗ್ರೀ?"

"ಮಾರ್ತಾ, ಆಕಿ ತಂಗಿ ಮರಿಯಾ, ತಮ್ಮ ಲಾಜರ. ಈಗ ಆ ದಿನ ಮೂರೂ ಮಂದೀದು. ರೋಮಿನಿಂದ ಅಪ್ಪಣಿ ಬಂದು ಕೆಲವು ವರ್ಷ ಆತು. ಎಸ್ಪೆರಾನ್ಸಾ ಸಿಸ್ಟರ್ ಹೇಳಿಲ್ಲೇನು?"

ಹೇಳಿರಲಿಲ್ಲ. ರೇಣವ್ವನ ಒಂದು ದಿನ ಹಂಚಿಹೋಗಬಾರದೆಂದೇ ಹೇಳಿರಲಿಕ್ಕಿಲ್ಲ. ರೇಣವ್ವ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು.

"ದುಡಿಯಾಕಿಗೆ ಅಂತ ಇಡೀ ವರ್ಷದಾಗ ಒಂದು ದಿನಾ ಇತ್ತು. ಅದ್ರಾಗೂ ತಂಗಿ, ತಮ್ಮ ಪಾಲು ಕೇಳಾಕ ಬಂದ್ರೇನು?"

"ಪಾಲು ಅಲ್ಲ. ಕೂಡಿ ಊಟ."

"ಲಾಜರ ಸತ್ತು ಎದ್ದು ಬಂದ. ಪಾಪ, ಅವಗ ಒಂದು ಖುರ್ಚಿ ಕೊಡೂಣು. ಆ ಮರಿಯವ್ವ ಏನು ಮಾಡಿದ್ಳ್ರೀ? ಕುಂತಳು. ಕುಂತದ್ದಕ್ಕೂ ಹಬ್ಬಾ?"

"ಕುಂತು ಕೇಳಿದ್ಳು, ರೇಣವ್ವಾ."

"ಕಿವಿ ನನಗೂ ಅದಾವ್ರಿ. ಕೈ ಖಾಲಿ ಇಲ್ಲ ಅಷ್ಟ."

ಸಿಸ್ಟರ್ ನಕ್ಕರು. ಹೋಗುವಾಗ ಬಾಗಿಲಲ್ಲಿ ನಿಂತು, "ಆ ಎರಡು ಖುರ್ಚಿಗೆ ಯಾರನ್ನ ಕರೀಬೇಕು ಅನ್ನೂದು ನಿಮಗ ಬಿಟ್ಟದ್ದು. ನಿಮ್ಮ ಮನ್ಯಾಗೂ ಮೂರು ಮಂದಿ ಅಂತ ಕೇಳೀನಿ" ಎಂದರು. ರೇಣವ್ವ ಆಗಲೇ ತಿಕ್ಕಿಟ್ಟ ಬೋಗುಣಿಯನ್ನು ಇನ್ನೊಮ್ಮೆ ತಿಕ್ಕತೊಡಗಿದಳು.

ಬೀಡಿ ಎಂಬ ಊರಿನ ಒಕ್ಕಲು ಮನೆಯಲ್ಲಿ ರೇಣವ್ವ ಹಿರಿಯಳು. ಅವಳ ಬೆನ್ನಿಗೆ ಮಾಲಾ, ಕೊನೆಗೆ ಸಾತಪ್ಪ. ಒಂಬತ್ತು ವರ್ಷಕ್ಕೇ ಅವ್ವ ಅವಳನ್ನು ಹಿಟ್ಟಿನ ಮುಂದೆ ಕೂರಿಸಿ, "ಕಣ್ಣು ಮುಚ್ಚಿ ಬಡಿ. ಸಪ್ಪಳ ನೆಟ್ಟಗ ಬಂದ್ರ ರೊಟ್ಟಿ ನೆಟ್ಟಗ" ಎಂದು ಕಲಿಸಿದ್ದಳು. ಮಾಲಾ ಕಲಿಯಲಿಲ್ಲ. ಅವಳು ಅವ್ವನ ಮಗ್ಗುಲಿಗೆ ಕುಳಿತು ಮಾತು ಕೇಳುವವಳು. ಮದುವೆಯಾಗಿ ಬೆಳಗಾವಿಯ ವಡಗಾವಿಯಲ್ಲಿನ ನೇಕಾರರ ಮನೆಗೆ ಹೋದ ಮೇಲೂ ಅಲ್ಲಿ ಕುಳಿತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದೇ ಅವಳ ಕೆಲಸ; ಓಣಿಯ ಹೆಂಗಸರು ತಮ್ಮ ಸುಖದುಃಖ ಹೇಳಿಕೊಳ್ಳಲು ಅವಳ ಬಳಿಗೇ ಬರುತ್ತಿದ್ದರು.

ಆರು ವರ್ಷದ ಹಿಂದೆ ಅವ್ವ ಬೀಡಿಯಲ್ಲಿ ಹಾಸಿಗೆ ಹಿಡಿದಾಗ ಇಬ್ಬರೂ ಓಡಿಬಂದರು. ರೇಣವ್ವ ನೆಟ್ಟಗೆ ಅಡುಗೆಮನೆಗೆ ಹೋದಳು, ಮಾಲಾ ನೆಟ್ಟಗೆ ಅವ್ವನ ತಲೆದೆಸೆಗೆ. ಎಂಟು ದಿನ ನೋಡಲು ಬಂದವರಿಗೆಲ್ಲ ರೇಣವ್ವ ಬೇಯಿಸಿ ಬಡಿಸಿದಳು. ಮಾಲಾ ಒಂದು ಕಪ್ಪನ್ನೂ ತೊಳೆಯದೆ ಅವ್ವನ ಕೈ ಹಿಡಿದು ಕುಳಿತೇ ಇದ್ದಳು. ಒಂಬತ್ತನೆಯ ದಿನ ಮೂವತ್ತೊಂದು ರೊಟ್ಟಿ ಬುಟ್ಟಿಗೆ ಬಿದ್ದಿದ್ದವು, ಮುಂದಿನದು ಕೈಯಡಿಯಲ್ಲಿ ಅರ್ಧ ಬಡಿದಿತ್ತು. ಅಷ್ಟರಲ್ಲಿ ಒಳಗೆ ಅಳು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಓಡಿಹೋದರೆ ಅವ್ವನ ಕೈ ಇನ್ನೂ ಮಾಲಾಳ ಅಂಗೈಯಲ್ಲಿತ್ತು.

"ಕುಂತಾಕಿಗೆ ಅವ್ವ ಸಿಕ್ಕಳು. ಮಾಡಿದಾಕಿಗೆ ಹೊಗಿ ಸಿಕ್ತು" ಎಂದು ರೇಣವ್ವ ನೆಂಟರೆಲ್ಲರ ಮುಂದೆ ಅಂದಳು. ಅದೇ ಅವಳು ತಂಗಿಯ ಬಗ್ಗೆ ಆಡಿದ ಕೊನೆಯ ಮಾತು. ಮೂರು ದಿನದ ಮೇಲೆ ಮಾಲಾ ಏನೋ ಹೇಳಲು ಬಂದಾಗ ಒದ್ದೆ ಕೈ ಅಡ್ಡ ಹಿಡಿದು ಬೆನ್ನು ತಿರುಗಿಸಿದಳು. ಎರಡು ವರ್ಷ ಬಿಟ್ಟು ಸಾತಪ್ಪನಿಗೆ ಗದ್ದೆಯಲ್ಲಿ ಹಾವು ಕಚ್ಚಿ ಬೆಳಗಾವಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಕಣ್ಣು ತೆರೆಯದೆ ಮಲಗಿದ್ದಾಗಲೂ ಅಕ್ಕತಂಗಿಯರು ಉದ್ದನೆಯ ವರಾಂಡದ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತಿದ್ದರು.

ಐದನೆಯ ದಿನ ಸಾತಪ್ಪ ಎದ್ದು ಚಹಾ ಕೇಳಿದ. ಆದರೆ ಬೀಡಿಯ ಗೆಳೆಯರು ಅವಸರ ಮಾಡಿದ್ದರು. ಹೂಮಾಲೆಯ ನಡುವೆ ಅವನ ಫೋಟೋ ಹಾಕಿ, "ಭಾವಪೂರ್ಣ ಶ್ರದ್ಧಾಂಜಲಿ" ಎಂದು ಎಂಟಡಿ ಬ್ಯಾನರು ಮಾಡಿಸಿ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಬಿಟ್ಟಿದ್ದರು. ಸಾತಪ್ಪ ಆಸ್ಪತ್ರೆಯಿಂದ ಬಂದು ಬಸ್ಸಿಳಿದವನೇ ಅದನ್ನು ಬಿಚ್ಚಿಕೊಂಡು ಮನೆಗೆ ಒಯ್ದ. ಒಳ್ಳೆ ಗಟ್ಟಿ ಬಟ್ಟೆ, ಮಳೆಗಾಲದಲ್ಲಿ ಬಣವೆಗೆ ಹೊದಿಸಲು ಬರುತ್ತದೆ ಎಂದ.

ರೇಣವ್ವ ಮೊದಲು ಫೋನು ಮಾಡಿದ್ದು ಅವನಿಗೆ.

"ಸತ್ತು ಎದ್ದವರು ಬೇಕಾಗ್ಯಾರ. ಬರ್ತೀಯೇನೋ ಸಾತ್ಯಾ?"

"ಊಟ ಐತೇನು?"

"ಐತಿ. ಸಿಸ್ಟರ್ ಮಾಡ್ತಾರ."

"ಹಂಗಾರ ಇನ್ನೊಮ್ಮೆ ಸಾಯೂದ ಐತಿ ಅನ್ನು." ಆಮೇಲೆ ಅವನ ದನಿ ತಗ್ಗಿತು. "ಅಕ್ಕಾ, ಮಾಲಕ್ಕನ್ನ ಕರದ್ರ ಬರ್ತೀನಿ. ಇಲ್ಲಾಂದ್ರ ಇಲ್ಲ. ನೀವಿಬ್ರೂ ಒಂದು ತಾಟಿನ ಮುಂದ ಕೂಡೂದಿಲ್ಲಾಂದ್ರ ನಾ ಎದ್ದು ಬಂದು ಏನುಪಯೋಗ?"

ರೇಣವ್ವ ನಾಲ್ಕು ದಿನ ತಡೆದಳು. ಬೇರೆ ಯಾರನ್ನಾದರೂ ಕೂರಿಸಬಹುದಿತ್ತು. ಅರವತ್ತು ಹುಡುಗಿಯರಲ್ಲಿ ಕೂರಲು ಬಾರದವರು ಯಾರು? ಆದರೆ ಒಗ್ಗರಣೆ ಹಾಕುವಾಗಲೆಲ್ಲ ಪಟದ ಮಾರ್ತಮ್ಮ ಸೌಟು ಹಿಡಿದು ತನ್ನನ್ನೇ ನೋಡುತ್ತಿದ್ದಂತೆ ಅನಿಸುತ್ತಿತ್ತು. ಐದನೆಯ ದಿನ ಮಧ್ಯಾಹ್ನ ನಂಬರು ಒತ್ತಿದಳು. ಆ ಕಡೆ ಮಗ್ಗದ ಸದ್ದು ಕೇಳಿಸಿತು, ಆಮೇಲೆ ತಂಗಿಯ ಉಸಿರು.

"ಇಪ್ಪತ್ತೊಂಬತ್ತಕ್ಕ ಖಾನಾಪುರಕ್ಕ ಬಾ" ಎಂದಳು ರೇಣವ್ವ. "ಕುಂದರೂ ಕೆಲಸ ಐತಿ. ನಿನಗ ಬರ್ತೈತಲ್ಲ."

ಮಾಲಾ ಯಾರಿಗೋ ಮಗ್ಗ ನಿಲ್ಲಿಸಲು ಹೇಳಿದ್ದು ಕೇಳಿಸಿತು.

"ಎಷ್ಟೊತ್ತಿಗೆ ಬರಲಿ, ಅಕ್ಕಾ?" ಎಂದಳು ಮಾಲಾ.

ಹಬ್ಬದ ದಿನ ಮುಂಜಾನೆಯಿಂದ ಮಳೆ. ಸಾತಪ್ಪ ಒಂದು ಚೀಲ ಅವಲಕ್ಕಿಗೆ ತನ್ನ ಬ್ಯಾನರನ್ನೇ ಸುತ್ತಿ ಹೆಗಲ ಮೇಲೆ ಹೊತ್ತು ಬಂದ. ಹುಡುಗಿಯರು ಬ್ಯಾನರಿನ ಫೋಟೋ ನೋಡಿದರು, ಅವನ ಮುಖ ನೋಡಿದರು. ಸಾಕ್ಷಿ ಎಂಬ ಏಳನೆಯ ತರಗತಿಯ ಹುಡುಗಿ, "ಮಾಮಾ, ಇದು ನೀವss?" ಎಂದಳು.

"ಹೌದವ್ವಾ. ಫೋಟೋ ಚೊಲೋ ಬಂದೈತಿ ಅಂತ ಇಟಗೊಂಡೀನಿ."

ಲಾಜರನ ಕುರ್ಚಿ ಯಾರದೆಂದು ಯಾರಿಗೂ ಹೇಳಬೇಕಾಗಲಿಲ್ಲ. ಮಾಲಾ ಬೆಳಗಾವಿಯ ಬಸ್ಸಿಳಿದು ಸದ್ದಿಲ್ಲದೆ ಬಂದು ಇನ್ನೊಂದು ಬದಿಯ ಕುರ್ಚಿಯಲ್ಲಿ ಕುಳಿತಳು. ಅವಳ ಕೂದಲು ಪೂರಾ ಬೆಳ್ಳಗಾಗಿತ್ತು. ಅದನ್ನು ರೇಣವ್ವ ನೋಡಿದಳು, ಆದರೆ ಅವಳ ಮುಖವನ್ನು ನೋಡಲಿಲ್ಲ.

ಕಥೆ ಶುರುವಾಯಿತು. "ಬೆಥಾನಿಯಾ ಅಂತ ಒಂದು ಊರು" ಎಂದಳು ರೇಣವ್ವ. "ಜೆರುಸಲೇಮ್ ಅಂದ್ರ ಬೆಳಗಾವಿ ಅಂತ ತಿಳಕೋರಿ, ಬೆಥಾನಿಯಾ ಅಂದ್ರ ಅದರ ಬಾಜು ಇರೂ ಸಾಂಬ್ರಾ. ಯೇಸುಸ್ವಾಮಿ ಅಲ್ಲಿ ಒಂದು ಮನೀಗೆ ಬಂದ. ಒಬ್ಬನ ಬಂದಿರ್ತಾನೇನು? ಹಿಂದ ಶಿಷ್ಯರು ಬಂದಿರ್ತಾರ. ಹದಿಮೂರು ಮಂದಿ ಅಂತ ಹಿಡಿರಿ. ಎಲ್ಲಾರೂ ನಡದು ಹಸದು ಬಂದವರು. ಮಾರ್ತಮ್ಮ ಒಬ್ಬಾಕಿ ಒಲಿ ಮುಂದ. ತಂಗಿ ಮರಿಯಾ ಸ್ವಾಮಿ ಮಾತು ಕೇಳ್ಕೋತ ಪಾದದ ಹತ್ರ ಕುಂತು ಬಿಟ್ಟಳು. ಕಡೀಕ ತಡೀಲಾರದ ಬಂದು ಅಂದ್ಳು, ಸ್ವಾಮಿ, ನನ್ನ ತಂಗಿಗೆ ಸ್ವಲ್ಪ ಹೇಳ್ರಿ, ನನಗ ಕೈ ಹಚ್ಚಲಿ ಅಂತ. ಅದಕ್ಕ ಸ್ವಾಮಿ ಅಂದ, ಮಾರ್ತಾ, ಮಾರ್ತಾ, ನೀ ಭಾಳ ಚಿಂತಿ ಹಚ್ಚಿಕೊಂಡಿ. ಮರಿಯಾ ಚೊಲೋದನ್ನ ಆರಿಸ್ಯಾಳ."

ಪ್ರತಿ ವರ್ಷ ಇಲ್ಲಿ ಅವಳು "ಹದಿಮೂರು ಮಂದಿ ಉಪವಾಸ ಎದ್ದು ಹೋಗಿದ್ರ ಗೊತ್ತಾಗ್ತಿತ್ತು" ಎಂದು ಸೇರಿಸುತ್ತಿದ್ದಳು. ಹುಡುಗಿಯರು ನಗಲು ಕಾಯುತ್ತಿದ್ದರು. ಇವತ್ತು ಆ ಮಾತು ಬರಲಿಲ್ಲ. ಮುಂದಿನದನ್ನು ಸರಸರ ಹೇಳಿದಳು: ಲಾಜರ ಸತ್ತು ನಾಲ್ಕು ದಿನ ಗವಿಯಲ್ಲಿದ್ದದ್ದು, ಮಾರ್ತಮ್ಮ ಊರ ಹೊರಗೇ ಓಡಿಹೋಗಿ ಸ್ವಾಮಿಯನ್ನು ಭೇಟಿಯಾದದ್ದು, ಸ್ವಾಮಿ ಅತ್ತದ್ದು, ಕರೆದದ್ದು, ಲಾಜರ ಎದ್ದು ಬಂದದ್ದು. "ಆಮ್ಯಾಲ ಮತ್ತ ಒಂದು ಊಟ ಆತು. ಲಾಜರ ಪಂಕ್ತಿಗೆ ಕುಂತ. ಮರಿಯಾ ಸ್ವಾಮಿ ಪಾದಕ್ಕ ಅತ್ತರು ಹಚ್ಚಿದಳು. ಮಾರ್ತಮ್ಮ ಬಡಿಸಿದಳು. ಅಷ್ಟ."

"ಮರಿಯಾ ಕುಂತು ಏನು ಕೇಳಿದ್ಳು, ಮಾವಶಿ?" ಎಂದಳು ಸಾಕ್ಷಿ.

ರೇಣವ್ವನಿಗೆ ಗೊತ್ತಿರಲಿಲ್ಲ. ಯಾವ ವರ್ಷವೂ ಯಾರೂ ಕೇಳಿರಲಿಲ್ಲ. "ಅಲ್ಲಿ ಕುಂತಾಳಲ್ಲ, ಆಕೀನ್ನ ಕೇಳು" ಎಂದಳು.

ಮಾಲಾ ಸೆರಗಿನ ತುದಿಯನ್ನು ಕಂಡಿಕೆ ಸುತ್ತುವ ಹಾಗೆ ಬೆರಳಿಗೆ ಸುತ್ತಿ ಬಿಚ್ಚಿದಳು. "ಆ ಮರಿಯವ್ವಂದು ನನಗ ಗೊತ್ತಿಲ್ಲವ್ವಾ. ನಂದು ಹೇಳ್ತೀನಿ. ನಮ್ಮವ್ವಗ ಕೊನೀ ದಿನ ಕಣ್ಣು ಮಬ್ಬಾಗಿತ್ತು. ಹೊಗಿ ಬರ್ತೈತಿ ಅಂತ ನಾ ಅಡಿಗಿಮನಿ ಬಾಗಲಾ ಮುಚ್ಚಾಕ ಎದ್ದೆ. ಮುಚ್ಚಬ್ಯಾಡ ಅಂದ್ಳು. ರೇಣಿ ರೊಟ್ಟಿ ಬಡ್ಯಾಕತ್ಯಾಳ, ಕೇಳಸ್ಲಿ ಅಂದ್ಳು."

ಮಾಲಾ ತನ್ನ ಅಂಗೈ ಬಿಡಿಸಿ ಮುಂದೆ ಹಿಡಿದಳು.

"ನನ್ನ ಕೈ ಹಿಡದಿದ್ಳು, ಖರೇ. ಆದ್ರ ನನ್ನ ಜೋಡಿ ಮಾತಾಡಾಕಲ್ಲ. ಒಳಗ ಒಂದು ರೊಟ್ಟಿ ಮುಗದ್ರ ನನ್ನ ಅಂಗೈಮ್ಯಾಲ ಒಮ್ಮೆ ಬೆರಳು ಬಡೀತಿದ್ಳು. ಎಣಸ್ತಿದ್ಳು. ಹಿಟ್ಟು ಚೊಲೋ ನಾದ್ಯಾಳ ನೋಡು ಅಂತ ಒಮ್ಮೆ ನಕ್ಕಳು. ಮೂವತ್ತೊಂದಕ್ಕ ಬೆರಳು ನಿಂತಿತು."

ಆ ಸಂಖ್ಯೆಯನ್ನು ರೇಣವ್ವ ಈ ಆರು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಬುಟ್ಟಿಯಲ್ಲಿ ಎಷ್ಟಿದ್ದವೆಂದು ಆ ಗದ್ದಲದಲ್ಲಿ ಯಾರು ನೋಡಿದ್ದಾರು? ಈಗ ಮೊದಲ ಸಲ ತಂಗಿಯ ಮುಖ ನೋಡಿದಳು.

"ಇದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನು ನಿನಗ?"

"ನೀ ಎಲ್ಲಿ ಕುಂತು ಕೇಳಿದಿ, ಅಕ್ಕಾ?"

ಅಷ್ಟರಲ್ಲಿ ಅಡುಗೆಮನೆಯಿಂದ ಸಿಸ್ಟರ್ ಪ್ರಮಿಳಾ ಮುಖಕ್ಕೆಲ್ಲ ಹಿಟ್ಟು ಮಾಡಿಕೊಂಡು ಹೊರಗೆ ಬಂದರು. ಈ ವರ್ಷ ಮಾವಶಿಗೆ ಜೋಳದ ರೊಟ್ಟಿಯನ್ನೇ ತಿನ್ನಿಸುತ್ತೇನೆಂದು ಹಟ ಹಿಡಿದಿದ್ದರು. ಅವರ ಕೈಯ ತಾಟಿನಲ್ಲಿ ಇದ್ದವು ರೊಟ್ಟಿಗಳಲ್ಲ, ರೊಟ್ಟಿಯ ಚೂರುಗಳು.

"ಬಡದ್ರ ಒಡೀತಾವ, ರೇಣವ್ವಾ. ಸಪ್ಪಳೂ ಬರವಲ್ದು."

ರೇಣವ್ವ ಎದ್ದಳು. ಹುಡುಗಿಯರೆಲ್ಲ "ಮಾವಶಿ, ಇವತ್ತು ಏಳೂ ಹಂಗಿಲ್ಲ" ಎಂದು ಕೂಗಿದರು. ಅವಳು ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಎರಡು ಹೆಜ್ಜೆ ನಡೆದು ನಿಂತು, ತಿರುಗಿ ನೋಡದೆಯೇ, "ಬಾ, ಮಾಲಿ. ಒಳಗ ಮಣಿ ಐತಿ, ಅದರಮ್ಯಾಲ ಕುಂದರು. ಏನೂ ಮಾಡಬ್ಯಾಡ. ಅವ್ವ ಇನ್ನೇನೇನು ಅಂದ್ಳು, ಎಲ್ಲಾ ಹೇಳು" ಎಂದಳು.

ಮಾಲಾ ಮಾರ್ತಮ್ಮನ ಪಟದ ಕೆಳಗೆ ಮಣೆ ಎಳೆದುಕೊಂಡು ಕುಳಿತಳು. ರೇಣವ್ವ ಬಿಸಿನೀರು ಹಾಕಿ ಹಿಟ್ಟು ನಾದಿದಳು, ಉಂಡೆ ಕಟ್ಟಿದಳು, ಕಣ್ಣು ಮುಚ್ಚಿ ಬಡಿಯತೊಡಗಿದಳು. ಹೊರಗೆ ಸಾತಪ್ಪ, "ಎದ್ದು ಬಂದವನ್ನ ಒಬ್ಬನ್ನ ಕುಂದ್ರಿಸಿ ಹೋದ್ರಿ, ಹಸದು ಮತ್ತ ಮಲಗ್ತೀನಿ ನೋಡ್ರಿ" ಎಂದು ಕೂಗುತ್ತಿದ್ದ, ಹುಡುಗಿಯರು ನಗುತ್ತಿದ್ದರು. ಅಡುಗೆಮನೆಯ ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ.

ರೊಟ್ಟಿ ಹಂಚಿನ ಮೇಲೆ ಬಿದ್ದು ಉಬ್ಬಿತು. ರೇಣವ್ವ ಅದನ್ನು ಮಗುಚಿ ಹಾಕುತ್ತ ಕೇಳಿದಳು.

"ಇದು ಎಷ್ಟನೇದು?"

"ಮೂವತ್ತೆರಡು" ಎಂದಳು ಮಾಲಾ.