ಗಂಗವ್ವನ ಕಾರ್ಡಿನಲ್ಲಿ ನನ್ನ ಅಳತೆ

ಗಂಗವ್ವಾ, ನಿನ್ನ ಹೆಸರಿನ ಕಾರ್ಡಿನಲ್ಲಿರುವ ಅಳತೆ ನಿನ್ನದಲ್ಲ, ನನ್ನದು. ಆ ದಿನ ತಪಾಸಣೆಗೆ ನಾನು ಎರಡು ಸಲ ಕುಳಿತೆ — ಒಮ್ಮೆ ನನ್ನ ಹೆಸರಿಗೆ, ಇನ್ನೊಮ್ಮೆ ನಿನ್ನ ಹೆಸರಿಗೆ. ಮೂರು ವರ್ಷ ಈ ಮಾತನ್ನು ನುಂಗಿಕೊಂಡು ತಿರುಗಿದ್ದೇನೆ. ನಿನಗೆ ಓದಲು ಬರುವುದಿಲ್ಲ, ಇದನ್ನು ನಾನೇ ನಿನ್ನ ಮುಂದೆ ಓದಬೇಕು. ಬರೆದುಕೊಳ್ಳದೆ ಬಂದರೆ ನಿನ್ನ ಮುಖ ನೋಡಿ ಮತ್ತೊಂದು ಸುಳ್ಳು ಹೇಳಿಬಿಟ್ಟೇನು — ನನ್ನ ಮೇಲೆ ನನಗೇ ಅನುಮಾನ.

ನಿನಗೆ ನೆನಪಿರಬೇಕು, ತಪಾಸಣೆಯವರು ನವಲಗುಂದದ ಕಡೆಯಿಂದ ಜೀಪಿನಲ್ಲಿ ಬಂದಿದ್ದರು. ರೊಟ್ಟಿಬುಟ್ಟಿಯಷ್ಟು ದೊಡ್ಡದೊಂದು ಪೆಟ್ಟಿಗೆ, ಒಳಗೆ ಅಯಸ್ಕಾಂತ. ಅದಕ್ಕೆ ಸ್ತನವನ್ನು ಒತ್ತಿ ಅಲುಗಾಡದೆ ಕುಳಿತರೆ ಒಳಗೆ ಕೊಬ್ಬು ಎಷ್ಟು, ಗಟ್ಟಿ ಅಂಗಾಂಶ ಎಷ್ಟು ಎಂದು ಅಳೆಯುತ್ತಿತ್ತು. ಗಟ್ಟಿ ಹೆಚ್ಚಿದ್ದವರಿಗೆ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚಂತೆ, ಗಂಟಾದರೂ ಬೇಗ ಕಾಣುವುದಿಲ್ಲವಂತೆ. ಅಂಥವರನ್ನು ಮುಂದಿನ ತಪಾಸಣೆಗೆ ಹುಬ್ಬಳ್ಳಿಗೆ ಕರೆಯುತ್ತಿದ್ದರು. ಊರಿನ ಆಶಾ ಕಾರ್ಯಕರ್ತೆಯಾಗಿ ಮನೆಮನೆಗೆ ಹೋಗಿ ಹೆಂಗಸರನ್ನು ಕರೆತಂದವಳು ನಾನು.

ಯಾರಿಗೂ ನಂಬಿಕೆಯಿರಲಿಲ್ಲ. ಜಮಖಾನ ನೇಯುವ ಮಾಬೂಬಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, "ಒಳಗ ಕ್ಯಾಮೆರಾ ಗಿಮೆರಾ ಐತೇನ ಬೇ? ನಾಳೆ ನಮ್ಮ ಫೋಟೋ ಮಂದಿ ಮೊಬೈಲಿನ್ಯಾಗ ಬಂದ್ರ?" ಎಂದಳು. ಮನೆಗೆ ಹೋಗಿ ತಾನೇ ನೇಯ್ದ ಜಮಖಾನ ತಂದು ಅಂಗನವಾಡಿಯ ನಡುವೆ ಹಗ್ಗಕ್ಕೆ ಹಾಕಿದಳು. ಯಂತ್ರದ ಜೊತೆ ಬಂದಿದ್ದ ಹುಡುಗಿ ಕಂಪ್ಯೂಟರ್ ಹಿಡಿದು ಆಚೆ, ಪೆಟ್ಟಿಗೆಯೂ ನಾವೂ ಈಚೆ. ಹೆಂಗಸರನ್ನು ಕೂರಿಸುವ ಕೆಲಸ ನನ್ನದಾಯಿತು. ಈಚೆ ಏನು ನಡೆಯಿತು ಎಂಬುದನ್ನು ಆ ಹುಡುಗಿ ಕಾಣಲೇ ಇಲ್ಲ.

ಆಮೇಲೆ ತಾಳಿಯ ಪ್ರಶ್ನೆ. ಅಯಸ್ಕಾಂತದ ಹತ್ತಿರ ಲೋಹ ಕೂಡದು ಎಂದರು. ಇದು ಮೊದಲೇ ಗೊತ್ತಿದ್ದುದರಿಂದ ನಾನು ದಾರಕ್ಕೆ ಅರಿಷಿಣದ ಕೊಂಬು ಕಟ್ಟಿ ತಂದಿದ್ದೆ. ಅದನ್ನು ಕೊರಳಿಗೆ ಹಾಕಿಕೊಂಡು ತಾಳಿ ತೆಗೆಯುವುದು, ಕೆಲಸ ಮುಗಿದ ಮೇಲೆ ತಾಳಿ ಹಾಕಿಕೊಂಡು ಕೊಂಬು ತೆಗೆಯುವುದು. ಎಲ್ಲರೂ ಒಪ್ಪಿದರು, ನೀನೊಬ್ಬಳು ಒಪ್ಪಲಿಲ್ಲ. ನಿನ್ನ ಗಂಡ ಬಣವಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ ದಿನಗಳು ಅವು.

"ಅಂವಾ ಹಾಸಿಗಿ ಹಿಡದಾನ, ನೀ ನೋಡಿದ್ರ ಕೊಳ್ಳಾಗಿಂದು ತಗಿ ಅಂತಿ. ಏನರ ಹೆಚ್ಚುಕಡಿಮಿ ಆದ್ರ ನೀ ಬರ್ತಿಯೇನ ಲೇ ಶಾಂತಾ?" ಎಂದು ನನ್ನನ್ನು ಬೈದು, ನೀನು ಸೆರಗು ಮುಖಕ್ಕೆಳೆದು ಗೋಡೆಯ ಕಡೆ ತಿರುಗಿ ಕುಳಿತೆ.

ನಿನ್ನ ಹೆಸರಿನ ಮುಂದೆ "ಒಪ್ಪಲಿಲ್ಲ" ಎಂದು ಬರೆಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಂದವರ ಮುಂದೆ "ನಮ್ಮೂರಾಗ ಒಬ್ಬಾಕಿನೂ ತಪ್ಪೂದಿಲ್ರಿ" ಎಂದು ಜಂಬ ಕೊಚ್ಚಿದ್ದೆ. ಮತ್ತೆ — ಇದನ್ನೂ ಹೇಳಬೇಕು — ಆ ಪೆಟ್ಟಿಗೆಯ ಮೇಲೆ ನಿಮ್ಮೆಲ್ಲರಿಗಿಂತ ಹೆಚ್ಚು ಅನುಮಾನ ನನಗೇ ಇತ್ತು. ಬರುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಯಾರ ಅಳತೆ ಯಾರ ಹೆಸರಿಗೆ ಹೋದರೇನು ಎಂದುಕೊಂಡೆ. ನಿನ್ನ ಹೆಸರು ಕೂಗಿ ನಾನೇ ಕುಳಿತೆ.

ಆಚೆಯಿಂದ ಹುಡುಗಿ ಕೇಳಿದಳು, "ಅಕ್ಕಾರ, ನಿಮ್ದೂ ಇವರ್ದೂ ಅಗದಿ ಒಂದ ನಮೂನಿ ಬಂದೈತಲ್ರಿ?"

"ಒಂದ ಕೆರಿ ನೀರ ಕುಡದವ್ರು, ಹಂಗ ಬರ್ತೈತ್ರಿ," ಎಂದೆ. ಅವಳು ನಕ್ಕಳು. ನಾನೂ ನಕ್ಕೆ.

ಕಾರ್ಡು ಬಂದಾಗ ನೀನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. "ನಾ ಕುಂತೇ ಇಲ್ಲಲ್ಲ, ನಂದ ಹೆಂಗ ಬಂತು?" ಎಂದೆ.

"ಅದು ಅಯಸ್ಕಾಂತ ಐತಿ, ಬಾಜು ಕುಂತ್ರೂ ಅದಕ್ಕ ತಿಳೀತೈತಿ. ನಿಂದು ಛಲೋ ಬಂದೈತಿ ತಗೋ," ಎಂದೆ ನಾನು.

ಹಾಲಿನವನ ಅಳತೆಯನ್ನು ನಂಬದವಳು ನೀನು, ಕಂಡಕ್ಟರನ ಚಿಲ್ಲರೆ ನಂಬದವಳು. ಈ ಮಾತನ್ನು ನಂಬಿದೆ.

ಹೋದ ವರ್ಷ ಹೊಲದಲ್ಲಿ ಹೆಸರುಕಾಯಿ ಬಿಡಿಸುವಾಗ ನೀನು ಹೇಳಿದೆ, "ಕಂಕಳ ಹತ್ರ ಗಂಟಾದಂಗ ಆಗೇತಿ. ಇರಲಿ ಬಿಡು, ಕಾರ್ಡಿನ್ಯಾಗ ಛಲೋ ಐತಲ್ಲ." ನಾನು ಕಾಯಿ ಬಿಡಿಸುತ್ತಲೇ, "ಒಮ್ಮೆ ತೋರಿಸ್ಕೊಂಡ್ ಬಾ," ಎಂದೆ, ಅಷ್ಟೇ. ನಿಜ ಹೇಳಿದರೆ ಕೆಲಸ ಹೋದೀತು, ಊರು ಉಗಿದೀತು ಎಂದು ಹೆದರಿದೆ. ನೀನು ದೀಪಾವಳಿ ಕಳೆಯುವವರೆಗೂ ಆಸ್ಪತ್ರೆಗೆ ಹೋಗಲಿಲ್ಲ. ಹೋಗುವಷ್ಟರಲ್ಲಿ ಒಂದು ಸ್ತನವನ್ನೇ ತೆಗೆಯಬೇಕಾಯಿತು. ಕಂಕುಳಿಗೂ ಹರಡಿದೆ ಎಂದರು.

ಅಂದು ನಿನ್ನದನ್ನೇ ಅಳೆದಿದ್ದರೆ ಏನು ಬರುತ್ತಿತ್ತೋ ನನಗೆ ಗೊತ್ತಿಲ್ಲ. ಆದರೆ ಆ ಕಾರ್ಡು ಇಲ್ಲದಿದ್ದರೆ ಗಂಟು ಸಿಕ್ಕ ವಾರದಲ್ಲೇ ನೀನು ಬಸ್ಸು ಹತ್ತುತ್ತಿದ್ದೆ. ಅಷ್ಟು ಗೊತ್ತಿದೆ.

ಈಗ ಸೋಮವಾರ ಅವರು ಮತ್ತೆ ಬರುತ್ತಿದ್ದಾರೆ. ನೀನು ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ, "ಆ ಪೆಟಗಿ ಸುಳ್ಳ ಹೇಳ್ತೈತಿ, ಬೇಕಾದ್ರ ನನ್ನ ನೋಡ್ರಿ," ಎನ್ನುತ್ತೀ. ಒಬ್ಬರೂ ಹೆಸರು ಕೊಟ್ಟಿಲ್ಲ. ಕೊಟ್ಟಿದ್ದ ಮಾಬೂಬಿಯೂ ನಿನ್ನೆ ತೆಗೆಸಿದಳು. ನಾನು ತಲೆ ತಗ್ಗಿಸಿಕೊಂಡು ಅಳಿಸಿದೆ.

ಇದನ್ನು ಇವತ್ತು ನಿನಗೊಬ್ಬಳಿಗೆ ಓದುತ್ತೇನೆ. ನಾಳೆ ಅದೇ ಕಟ್ಟೆಯ ಮೇಲೆ ಎಲ್ಲರ ಮುಂದೆ ಓದುತ್ತೇನೆ. ನೀನು ಚಪ್ಪಲಿ ಕೈಗೆ ತೆಗೆದುಕೊಂಡರೂ ಕೊನೆಯ ಸಾಲಿನವರೆಗೆ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕಾರ್ಡನ್ನು ವಾಪಸು ಕೊಡು ಎಂದೂ ಕೇಳುವುದಿಲ್ಲ. ಅದು ನಿನ್ನ ಹತ್ತಿರವೇ ಇರಲಿ. ಕೇಳಿದವರಿಗೆಲ್ಲ ತೋರಿಸು, "ಇದು ಶಾಂತವ್ವನ ಅಳತಿ, ಪೆಟಗಿ ನನ್ನ ಮುಟ್ಟೇ ಇಲ್ಲ" ಅಂತ ಹೇಳು.